ಮಿಂಚಕ್ಕನ ದೂರು, ನನ್ನ ಕೈಬರಹ

ಮಾರ್ಚ್ ೫, ಬುಧವಾರ

ನನ್ನ ಮುದ್ದು ಅಕ್ಕನಿಗೆ,

ಮೊದಲು ಕ್ಷಮೆ, ಆಮೇಲೆ ಸಮಾಚಾರ. ಮದುವೆಯಾದ ವಾರಕ್ಕೇ ಬರೆಯುತ್ತೇನೆ ಎಂದವಳು ಒಂದು ತಿಂಗಳು ಮಾಡಿದೆ. ಬೈಯುವುದಾದರೆ ಮೆತ್ತಗೆ ಬೈ, ಮಗು ಎದ್ದೀತು. ‘ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯೋಕೇ ಬಿಡಲ್ಲ, ಕಾಗದ ಬರಿ’ ಎಂದವಳು ನೀನೇ ತಾನೇ? ಈಗ ಅನುಭವಿಸು! ಇಂಗ್ಲಿಷ್ ಸ್ಕೂಲಿನವಳ ಕನ್ನಡ. ಒತ್ತಕ್ಷರ ಎಲ್ಲಾದರೂ ಜಾರಿ ಬಿದ್ದಿದ್ದರೆ ಎತ್ತಿ ಅದರ ಜಾಗದಲ್ಲಿ ಕೂರಿಸಿಕೋ, ಕೆಂಪು ಪೆನ್ನು ಮಾತ್ರ ಹುಡುಕಬೇಡ.

ಅಕ್ಕಾ, ನಾನು ತುಂಬಾ ತುಂಬಾ ತುಂಬಾ ಖುಷಿಯಾಗಿದ್ದೇನೆ. ಮೂರು ಸಲ ಬರೆದದ್ದು ಬೇಕೆಂದೇ. ಇವರು ಬೆಳಿಗ್ಗೆ ಟೇಬಲ್ ಒರೆಸುತ್ತಾ ಶಿಳ್ಳೆ ಹಾಕುತ್ತಾರೆ. ಶ್ರುತಿ ಇಲ್ಲ, ತಾಳ ಇಲ್ಲ, ಹಾಡು ಯಾವುದೆಂದು ಅವರಿಗೇ ಗೊತ್ತಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತೇನೆ. ನಿನ್ನೆ ಅತ್ತೆ ನೋಡಿ, “ಅದೇನು ಕಚೇರಿ ಕೇಳೋ ಹಾಗೆ ಕೂತಿದ್ದೀಯ, ಎದ್ದು ಬಂದು ಈರುಳ್ಳಿ ಹೆಚ್ಚು” ಎಂದರು. ನಕ್ಕುಕೊಂಡೇ ಹೆಚ್ಚಿದೆ, ಅತ್ತುಕೊಂಡೂ ಹೆಚ್ಚಿದೆ. ಈರುಳ್ಳಿ ಅಲ್ಲವೇ!

ಮನೆ ಮೇಲೆ, ಹೋಟೆಲ್ ಕೆಳಗೆ. ನಡುವೆ ಹದಿನೇಳು ಮೆಟ್ಟಿಲು. ಕೆಳಗೆ ಹದಿನಾಲ್ಕು ಟೇಬಲ್. ಬೀದಿ ಕಡೆಗೆ ದೊಡ್ಡ ಗಾಜಿನ ಕಿಟಕಿ, ಕಿಟಕಿಯ ಪಕ್ಕ ನಾಲ್ಕು ಟೇಬಲ್. ಅವು ರಾಜಮರ್ಯಾದೆಯ ಟೇಬಲ್‌ಗಳು. ಹಿಂದುಗಡೆ ಕೈ ತೊಳೆಯುವ ಜಾಗದ ಪಕ್ಕದವು ಮೂರು. ಅಲ್ಲಿ ಕೂತವರ ತಟ್ಟೆಗೆ ಬೇರೆಯವರ ಕೈಯ ನೀರು ಹಾರುತ್ತದೆ. ಮಾವ ಗಲ್ಲಾದಲ್ಲಿ, ಅತ್ತೆ ಅಡುಗೆಮನೆಯಲ್ಲಿ, ಇವರು ಹೊರಗಿನ ಓಡಾಟದಲ್ಲಿ. ನಾನು? ಎಲ್ಲ ಕಡೆಯೂ, ಎಲ್ಲರ ಕಾಲಿಗೂ ಸಿಕ್ಕಿಕೊಂಡು.

ಸಪ್ಲೈಯರ್‌ಗಳು ಐದು ಜನ. ಇಬ್ಬರನ್ನು ನೀನು ತಿಳಿದಿರಲೇಬೇಕು. ಒಬ್ಬ ಉದ್ದಣ್ಣ. ಲೈಟಿನ ಬಲ್ಬಿಗೆ ತಲೆ ತಾಗದಂತೆ ಬಗ್ಗಿ ಬಗ್ಗಿ ಅವನ ನಡಿಗೆಯೇ ಪ್ರಶ್ನಾರ್ಥಕ ಚಿಹ್ನೆಯಾಗಿದೆ. ಇನ್ನೊಬ್ಬಳು ಮಿಂಚಕ್ಕ. ವಯಸ್ಸು ನಲವತ್ತರ ಹತ್ತಿರ, ಹನ್ನೊಂದು ವರ್ಷದಿಂದ ಇಲ್ಲೇ. ಆರು ತಟ್ಟೆ ಒಟ್ಟಿಗೆ ಹೊತ್ತು ಬರುತ್ತಾಳೆ, ಒಂದು ತೊಟ್ಟು ಸಾರು ಚೆಲ್ಲುವುದಿಲ್ಲ. ಕಿಟಕಿಯ ನಾಲ್ಕು ಟೇಬಲ್ ಅವಳದ್ದೇ. ನಾನು ‘ತಂಗಿ ಅನ್ನಿ’ ಎಂದು ಎಷ್ಟು ಗೋಗರೆದರೂ ಕೇಳದೆ ನನಗೆ ‘ಹೊಸಮ್ಮಾವ್ರು’ ಎಂದು ಹೆಸರಿಟ್ಟಿದ್ದಾಳೆ. “ಹಳೇ ಅಮ್ಮಾವ್ರು ಅಡುಗೆಮನೇಲಿದ್ದಾರೆ, ನೀವು ಹೊಸಮ್ಮಾವ್ರು. ಲೆಕ್ಕ ಸರಿಹೋಯ್ತಲ್ಲ” ಎನ್ನುತ್ತಾಳೆ.

ಈಗ ನಿಜವಾದ ಸುದ್ದಿ. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ, ಸಂಜೆಯವರು ಬರುವ ಮೊದಲು, ಸರಿಯಾಗಿ ಮೂರು ಗಂಟೆಗೆ ಬಾಗಿಲು ಹಾಕಿ ಎಲ್ಲರೂ ಒಂದೇ ಉದ್ದದ ಟೇಬಲ್ಲಿಗೆ ಊಟಕ್ಕೆ ಕೂರುತ್ತಾರೆ. ಪಾತ್ರೆ ತೊಳೆಯುವವರಿಂದ ಮಾವನವರೆಗೆ. ಊಟವಾದ ಮೇಲೆ ಮಾವ ಡ್ರಾಯರಿನಿಂದ ಒಂದು ಹಸಿರು ಪುಸ್ತಕ ತೆಗೆಯುತ್ತಾರೆ. ಗಿರಾಕಿಗಳ ದೂರಿಗೆ ಗಲ್ಲಾದ ಪಕ್ಕ ದಾರ ಕಟ್ಟಿದ ಪುಸ್ತಕ ಎಲ್ಲ ಹೋಟೆಲ್‌ಗಳಲ್ಲೂ ಇರುತ್ತದೆ. ಇದು ಹಾಗಲ್ಲ. ಇದು ಗಿರಾಕಿಗಳ ಮೇಲೆ ಕೆಲಸದವರು ಕೊಡುವ ದೂರಿನ ಪುಸ್ತಕ! ಎಲ್ಲಾದರೂ ಕೇಳಿದ್ದೀಯಾ? ಮಾವ ಸಣ್ಣ ವಯಸ್ಸಿನಲ್ಲಿ ತಾವೇ ಬೇರೆಯವರ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರಂತೆ. ಅಲ್ಲಿ ಒಬ್ಬ ಬಿಸಿ ಸಾರು ಮೈಮೇಲೆ ಎರಚಿದಾಗ ಯಜಮಾನ ಮಾವನಿಂದಲೇ ಕ್ಷಮೆ ಕೇಳಿಸಿದನಂತೆ. ಅಂದೇ ಮನಸ್ಸಿನಲ್ಲಿ ಈ ಪುಸ್ತಕ ಹೊಲಿದಿಟ್ಟುಕೊಂಡರಂತೆ.

ಒಂದೇ ಕಟ್ಟುನಿಟ್ಟು: ದೂರು ಬರೆದೇ ಕೊಡಬೇಕು. “ಬಾಯಲ್ಲಿ ಹೇಳಿದ್ದು ಒಬ್ಬರಿಂದ ಒಬ್ಬರಿಗೆ ಹೋಗ್ತಾ ಒಗ್ಗರಣೆ ಸೇರಿಸ್ಕೊಳ್ಳುತ್ತೆ. ಬರೆದದ್ದು ಬರೆದಷ್ಟೇ ಇರುತ್ತೆ” ಎನ್ನುತ್ತಾರೆ ಮಾವ. ಓದಿ, ಒಂದು ದಿನ ಯೋಚಿಸಿ, ಮರುದಿನ ಮೂರು ಗಂಟೆಗೆ ತೀರ್ಪು. ತೀರ್ಪು ಮೂರೇ ಬಗೆ. ಸಣ್ಣದಾದರೆ ‘ಟೇಬಲ್ ಬದಲು’: ಆ ಗಿರಾಕಿಗೆ ಬೇರೆ ಸಪ್ಲೈಯರ್. ಸ್ವಲ್ಪ ದೊಡ್ಡದಾದರೆ ‘ಕುರ್ಚಿ’: ಮಾವನೇ ಹೋಗಿ ಗಿರಾಕಿಯ ಎದುರು ಕುರ್ಚಿ ಎಳೆದು ಕೂತು ಎರಡು ಮಾತು ಹೇಳಿ ಬರುತ್ತಾರೆ. ದೊಡ್ಡದಾದರೆ ‘ಬಾಗಿಲು’. ಇನ್ನು ಈ ಕಡೆ ಬರಬೇಡಿ ಎನ್ನುವುದು. ಇಪ್ಪತ್ತಾರು ವರ್ಷದಲ್ಲಿ ಬಾಗಿಲು ತೋರಿಸಿದ್ದು ಎರಡೇ ಸಲವಂತೆ.

ಇಷ್ಟು ದಿನ ಆ ಪುಸ್ತಕವನ್ನು ಬರೆಯುತ್ತಿದ್ದವರು ಒಬ್ಬ ಮುದುಕರು, ಕಣ್ಣು ಮಂಜಾಗಿ ಮನೆಗೆ ಹೋದರು. ನಿನ್ನೆ ಮಾವ ಎಲ್ಲರೆದುರು ಪುಸ್ತಕವನ್ನು ನನ್ನ ಕಡೆ ತಳ್ಳಿ, “ಇನ್ಮೇಲೆ ಇದು ನಮ್ಮ ಸೊಸೆದು. ಓದಿದವಳು, ಅಕ್ಷರ ದುಂಡಗಿದೆ” ಎಂದರು. ಅಕ್ಕಾ, ನನಗೆ ಕುಣಿಯುವ ಹಾಗಾಯಿತು! ಒಡವೆ ಕೊಟ್ಟಿದ್ದರೂ ಇಷ್ಟು ಖುಷಿಯಾಗುತ್ತಿರಲಿಲ್ಲ. (ಕೊಟ್ಟರೆ ಬೇಡ ಎನ್ನುವುದಿಲ್ಲ.)

ಊಟ ಮುಗಿದು ತಟ್ಟೆ ಎತ್ತುವಾಗ ಮಿಂಚಕ್ಕ ನನ್ನ ಪಕ್ಕ ಬಂದು, “ಹೊಸಮ್ಮಾವ್ರೇ, ನನ್ನದೊಂದು ಬರೆಸೋದಿದೆ. ನಿಮ್ಮ ಹತ್ರ ಆದ್ರೆ ಹೇಳ್ಕೋಬಹುದು. ಆ ಮುದುಕರ ಹತ್ರ ನಾಚಿಕೆ ಆಗ್ತಿತ್ತು” ಎಂದಳು. ನನ್ನ ಮೊದಲ ದೂರು! ಹೇಗೆ ಬರೆಯುತ್ತೇನೆ ನೋಡು.

ಭಾವನಿಗೆ ನಮಸ್ಕಾರ, ಮಗುವಿನ ಎರಡೂ ಕೆನ್ನೆಗೆ ಲೆಕ್ಕವಿಲ್ಲದಷ್ಟು ಮುತ್ತು.

ನಿನ್ನ
ವಟವಟಿ


ಮಾರ್ಚ್ ೧೯, ಬುಧವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂದಾಗ ನನ್ನ ಕೈಯೆಲ್ಲ ಹಿಟ್ಟು. ಇವರೇ ಒಡೆದು ಓದಿ ಹೇಳಿದರು. ‘ಗಂಡನನ್ನು ಅಷ್ಟೊಂದು ಹೊಗಳಬೇಡ, ದೃಷ್ಟಿಯಾದೀತು’ ಎಂಬ ಸಾಲು ಬಂದಾಗ ನಿಲ್ಲಿಸಿ, “ಇನ್ನೊಂದು ಸಲ ಓದ್ಲಾ?” ಎಂದು ಕೇಳಿದರು. ಎರಡು ದಿನ ಕಾಲು ನೆಲದ ಮೇಲಿರಲಿಲ್ಲ ಈ ಮನುಷ್ಯನಿಗೆ. ತಪ್ಪು ನಿನ್ನದೇ.

ಮಿಂಚಕ್ಕನ ದೂರು ಏನಾಯಿತು ಎಂದು ಕೇಳಿದ್ದೀಯ. ಹೇಳುತ್ತೇನೆ.

ನಾವಿಬ್ಬರೂ ಉಗ್ರಾಣದಲ್ಲಿ ಆಲೂಗಡ್ಡೆ ಚೀಲದ ಮೇಲೆ ಕೂತೆವು. ಅವಳಿಗೆ ಹತ್ತು ನಿಮಿಷದ ಬಿಡುವು. ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ಹೇಳಿದಳು. ದೂರು ವಕೀಲರ ಮೇಲೆ. ಈ ವಕೀಲರು ಹಳೆಯ ಗಿರಾಕಿ. ಪ್ರತಿ ಮಂಗಳವಾರ, ಶುಕ್ರವಾರ ಹನ್ನೆರಡೂವರೆಗೆ ಕಿಟಕಿಯ ಎರಡನೇ ಟೇಬಲ್. ನೆರೆತ ಕೂದಲು, ಒಳ್ಳೆಯ ಮಾತು, ಎಲ್ಲರ ಯೋಗಕ್ಷೇಮ ವಿಚಾರಿಸುತ್ತಾರೆ. ಅವರಿಂದಾಗಿ ಅವರ ಆಫೀಸಿನ ಓಣಿಯ ಅರ್ಧ ಜನ ನಮ್ಮಲ್ಲಿಗೇ ಊಟಕ್ಕೆ ಬರುತ್ತಾರೆ.

ಮಿಂಚಕ್ಕ ಹೇಳಿದ್ದು ಹೀಗೆ: “ಆರ್ಡರ್ ಹೇಳೋವಾಗ ನನ್ನ ಮಣಿಕಟ್ಟು ಹಿಡ್ಕೋತಾರೆ. ಇನ್ನೊಂದು ಕೈಲಿ ಮೆನು ಇಟ್ಕೊಂಡು ಮೊದಲಿಂದ ಕೊನೆವರೆಗೂ ಓದ್ತಾರೆ, ನಿಧಾನಕ್ಕೆ. ಅವರಿಗೆ ಅದು ಬಾಯಿಪಾಠ. ಓದಿ ಮುಗಿಯೋವರೆಗೂ ಕೈ ಬಿಡಲ್ಲ. ಹೆಬ್ಬೆರಳು ಆಡಿಸ್ತಾ ಇರ್ತಾರೆ. ಬಿಡಿಸ್ಕೊಳ್ಳೋಕೆ ನೋಡಿದ್ರೆ ಇನ್ನೂ ಗಟ್ಟಿ ಹಿಡೀತಾರೆ, ಮುಖದಲ್ಲಿ ಮಾತ್ರ ನಗು. ಎಂಟು ತಿಂಗಳಿಂದ ಹೀಗೇ. ಸೋಮವಾರ ರಾತ್ರಿಯೇ ನಾಳೆ ರಜೆ ಹಾಕ್ಲಾ ಅಂತ ಲೆಕ್ಕ ಹಾಕ್ತೀನಿ, ಹೊಸಮ್ಮಾವ್ರೇ. ಹಿಂಗೇ ಬರೀರಿ.”

ಅಷ್ಟರಲ್ಲಿ ಹೊರಗಿಂದ “ಮಿಂಚಕ್ಕಾ, ಮೂರನೇ ಟೇಬಲ್ಲು!” ಎಂದು ಉದ್ದಣ್ಣ ಕೂಗಿದ. ಅವಳು ಖಾಲಿ ಪುಟದ ಕೆಳಗೇ ಸಹಿ ಹಾಕಿ, “ನೀವು ಬರ್ಕೊಳ್ಳಿ, ನಿಮ್ಮ ಮೇಲೆ ನಂಬಿಕೆ ಇದೆ” ಎಂದು ಓಡಿದಳು.

ಆಮೇಲೆ ನಾನು ಮೇಲೆ ಬಂದು ಕೂತು ಬರೆದೆ. ನಿನಗೆ ನೆನಪಿದೆಯಾ, ಸ್ಕೂಲಿನಲ್ಲಿ ದೂರಿನ ಪತ್ರ ಬರೆಯುವ ಪಾಠವಿತ್ತು. ಸಭ್ಯವಾಗಿರಬೇಕು, ಕೋಪ ಕಾಣಬಾರದು, ಯಾರನ್ನೂ ನೇರವಾಗಿ ಚುಚ್ಚಬಾರದು. ನನಗೆ ಹತ್ತಕ್ಕೆ ಒಂಬತ್ತೂವರೆ ಬಂದಿತ್ತು. ಮಿಂಚಕ್ಕನ ಮಾತನ್ನು ಹಾಗೇ ಬರೆದರೆ ಅವಳನ್ನೇ ಒರಟು ಎಂದುಕೊಂಡಾರು ಎನ್ನಿಸಿತು. ಮೂರು ಸಲ ತಿದ್ದಿ ಹೀಗೆ ಬರೆದೆ: ‘ಕಿಟಕಿಯ ಎರಡನೇ ಟೇಬಲ್ಲಿನ ಹಿರಿಯ ಗ್ರಾಹಕರು ಬಡಿಸುವವರೊಂದಿಗೆ ಕೆಲವೊಮ್ಮೆ ಅಗತ್ಯಕ್ಕಿಂತ ಹೆಚ್ಚು ಸಲಿಗೆಯಿಂದ ವರ್ತಿಸುತ್ತಾರೆ. ಇದರಿಂದ ಕೆಲಸಕ್ಕೆ ಸ್ವಲ್ಪ ತೊಡಕಾಗುತ್ತಿದೆ. ದಯವಿಟ್ಟು ಗಮನಿಸಬೇಕಾಗಿ ವಿನಂತಿ.’ ಚೆನ್ನಾಗಿದೆ ಅಲ್ಲವೇ? ಇವರು ಹೆಗಲ ಮೇಲಿಂದ ಬಗ್ಗಿ ಓದಿ, “ಅಬ್ಬಾ, ಸರ್ಕಾರಿ ಪತ್ರದ ಹಾಗಿದೆ” ಎಂದು ಬೆನ್ನು ತಟ್ಟಿದರು.

ಮರುದಿನ ಮೂರು ಗಂಟೆಗೆ ಮಾವ ತೀರ್ಪು ಕೊಟ್ಟರು: ಟೇಬಲ್ ಬದಲು. “ಸಲಿಗೆ ಜಾಸ್ತಿ ಅಂದ್ರೆ ದೂರ ಇಟ್ರೆ ಸಾಕು. ವಯಸ್ಸಾದವರು, ಮಾತು ಜಾಸ್ತಿ” ಎಂದರು. ಕಿಟಕಿಯ ಟೇಬಲ್ ಉದ್ದಣ್ಣನಿಗೆ, ಮಿಂಚಕ್ಕನಿಗೆ ಹಿಂದಿನ ಮೂರು.

ನನ್ನ ಮೊದಲ ದೂರಿಗೆ ಒಂದೇ ದಿನದಲ್ಲಿ ಪರಿಹಾರ! ಆದರೆ ಮಿಂಚಕ್ಕ ಅದೇಕೋ ಸಪ್ಪಗಿದ್ದಾಳೆ. ಅವತ್ತು ತೀರ್ಪು ಕೇಳಿ, ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಹೊಸದಾಗಿ ಬಂದ ಹುಡುಗಿಯರು, ‘ಏನೋ ತಪ್ಪು ಮಾಡಿರಬೇಕು, ಹಿಂದಕ್ಕೆ ಹಾಕಿದ್ದಾರೆ’ ಎಂದು ಪಿಸುಗುಡುತ್ತಾರೆ. ವಕೀಲರು ಮೊನ್ನೆ ಶುಕ್ರವಾರ ಗಿರಾಕಿಗಳ ದಾರದ ಪುಸ್ತಕದಲ್ಲಿ ‘ಬಡಿಸುವಲ್ಲಿ ಮೊದಲಿನ ಆದರ ಇಲ್ಲ’ ಎಂದು ಬರೆದರು. ಮಾವ ಓಡಿಹೋಗಿ ಅವರಿಗೆ ಐಸ್‌ಕ್ರೀಮು ಕೊಡಿಸಿದರು. ಹೋಗುವಾಗ ಅವರು ಬೇಕೆಂದೇ ಹಿಂದಿನ ಟೇಬಲ್‌ಗಳನ್ನು ಸುತ್ತಿಕೊಂಡು ಹೋಗಿ ಮಿಂಚಕ್ಕನಿಗೆ ಏನೋ ಹೇಳಿ ನಕ್ಕರು. ಏನೆಂದು ಕೇಳಿದೆ. “ಏನಿಲ್ಲ ಬಿಡಿ, ಬರೆಯೋ ಅಂಥದ್ದಲ್ಲ” ಎಂದಳು.

ಹೋಗಲಿ, ಎಲ್ಲ ಸರಿಹೋಗುತ್ತದೆ. ನಾನು ಬೆಣ್ಣೆ ಬಿಸ್ಕತ್ತು ಮಾಡಲು ಕಲಿತಿದ್ದೇನೆ. ಇವರು ಹದಿನಾಲ್ಕು ತಿಂದರು, ಹನ್ನೆರಡು ಎಂದು ಸುಳ್ಳು ಹೇಳಿದರು.

ಮಗುವಿಗೆ ಹಲ್ಲು ಬಂತೇ? ಬೇಗ ಬರಿ.

ನಿನ್ನ
ವಟವಟಿ


ಏಪ್ರಿಲ್ ೧೩, ಭಾನುವಾರ

ಅಕ್ಕ,

ನಿನ್ನ ಎರಡು ಕಾಗದ ಬಂದರೂ ಒಂದಕ್ಕೂ ಉತ್ತರ ಬರೆಯಲಿಲ್ಲ. ಪುರುಸೊತ್ತಿಲ್ಲ ಎನ್ನುವುದು ಸುಳ್ಳು. ಪೆನ್ನು ಹಿಡಿಯಲು ನಾಚಿಕೆಯಾಗಿತ್ತು, ಅಷ್ಟೇ. ಮಗುವಿಗೆ ಹಲ್ಲು ಬಂದದ್ದು ಓದಿ ಮಾತ್ರ ಮೆಟ್ಟಿಲ ಮೇಲೆ ಒಬ್ಬಳೇ ಕೂತು ನಕ್ಕೆ. ಕಚ್ಚಲಿ, ಎಲ್ಲರನ್ನೂ ಕಚ್ಚಲಿ.

ಮಾರ್ಚ್ ಕೊನೆಯ ವಾರ ಮೂರು ಗಂಟೆಯ ಊಟದಲ್ಲಿ ಮಿಂಚಕ್ಕ ತನ್ನ ಏಪ್ರನ್ ಮಡಿಸಿ ಟೇಬಲ್ಲಿನ ಮೇಲಿಟ್ಟು, “ಯಜಮಾನ್ರೇ, ಶನಿವಾರದಿಂದ ನಾನು ಬರಲ್ಲ” ಎಂದಳು.

ಎಲ್ಲರ ಕೈಯೂ ನಿಂತಿತು. ಮಾವ, “ಯಾಕಮ್ಮಾ? ಬೇರೆ ಕಡೆ ಕರೆದ್ರಾ?” ಎಂದರು.

“ಇಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ದೂರು ಕೊಟ್ಟೆ. ಅದಕ್ಕೆ ನನ್ನನ್ನ ಕೈ ತೊಳೆಯೋ ಜಾಗಕ್ಕೆ ಹಾಕಿದ್ರಿ. ಅವರಿಗೆ ಐಸ್‌ಕ್ರೀಮು.”

“ಅಲ್ಲ ಕಣಮ್ಮಾ, ಸಲಿಗೆ ಜಾಸ್ತಿ ಅಂತ ತಾನೇ ನೀನು ಬರೆಸಿದ್ದು. ಅಷ್ಟಕ್ಕೆ ಇನ್ನೇನು ಮಾಡ್ಬೇಕಿತ್ತು?”

“ಸಲಿಗೇನಾ?” ಮಿಂಚಕ್ಕ ನನ್ನನ್ನು ನೋಡಲಿಲ್ಲ. ಮಾವನನ್ನೇ ನೋಡುತ್ತಿದ್ದಳು. “ಎಲ್ಲಿ, ಓದಿಸಿ. ನನ್ನ ದೂರು ನಾನೇ ಕೇಳಿಲ್ಲ.”

ಮಾವ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಓದಿದೆ, ಅಕ್ಕ. ಮೂರು ಸಾಲು. ಶಾಲೆಯಲ್ಲಿ ಬಹುಮಾನ ತರುವಂಥ ಮೂರು ಸಾಲು. ‘ದಯವಿಟ್ಟು ಗಮನಿಸಬೇಕಾಗಿ ವಿನಂತಿ’ ಎಂಬುದನ್ನೂ ಬಿಡದೆ ಓದಿದೆ.

ಮಿಂಚಕ್ಕ ಮೆಲ್ಲಗೆ, “ಸಹಿ ನಂದೇ. ದೂರು ನಂದಲ್ಲ. ಯಾರೋ ಬೇರೆಯವರದು” ಎಂದಳು.

ಇವರು ಅವಸರದಲ್ಲಿ, “ಸ್ವಲ್ಪ ಮರ್ಯಾದೆಯಾಗಿ ಬರೆದಿದ್ದಾಳೆ, ಅಷ್ಟೇ ಅಲ್ವಾ” ಎಂದರು, ನನ್ನನ್ನು ಉಳಿಸಲು. ನಾನು ಎದ್ದು ನಿಂತೆ. “ಇಲ್ಲ. ಅವರು ಹೇಳಿದ್ದೇ ಬೇರೆ. ನಾನು ತಿದ್ದಿದೆ. ‘ಹಿಂಗೇ ಬರೀರಿ’ ಅಂತ ಹೇಳಿದ್ರು, ನಾನು ಬರೀಲಿಲ್ಲ” ಎಂದೆ.

ಅತ್ತೆಯ ಕೈಯಲ್ಲಿ ಸೌಟು ಇತ್ತು. ಅದನ್ನು ಪಾತ್ರೆಯೊಳಗೆ ಬಿಟ್ಟುಬಿಟ್ಟರು. ಮಾವ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದರು. ಆಮೇಲೆ ತಮ್ಮ ನಿಯಮವನ್ನು ತಾವೇ ಮುರಿದರು. “ಈಗ ಬಾಯಲ್ಲೇ ಹೇಳಮ್ಮಾ” ಎಂದರು.

“ಬಾಯಲ್ಲಿ ಹೇಳಿದ್ರೆ ಮತ್ತೆ ಸಲಿಗೆ ಅಂತೀರಿ. ನಿಮ್ಮ ಕೈ ಕೊಡಿ.”

ಮಾವ ಅರ್ಥವಾಗದೆ ಕೈ ಚಾಚಿದರು. ಮಿಂಚಕ್ಕ ಯಜಮಾನರ ಮಣಿಕಟ್ಟು ಹಿಡಿದಳು. ಹಿಡಿದುಕೊಂಡೇ, ಒಂದು ನಗು ಮುಖಕ್ಕೆ ತಂದುಕೊಂಡು, ಮೆನು ಹೇಳತೊಡಗಿದಳು. “ಟೊಮೆಟೊ ಸೂಪು... ತರಕಾರಿ ಸೂಪು... ಕೋಳಿ ಸೂಪು... ಜೋಳದ ಸೂಪು...” ಒಂದೊಂದು ಹೆಸರಿಗೂ ನಡುವೆ ಬಿಡುವು. ಉದ್ದಣ್ಣ ಮೊದಲು ನಗಲು ಹೋದ, ಬಾಯಿ ಮುಚ್ಚಿಕೊಂಡ. ಸೂಪು ಮುಗಿದು ರೊಟ್ಟಿಗಳು, ರೊಟ್ಟಿ ಮುಗಿದು ಅನ್ನದ ಬಗೆಗಳು. ಮೀನಿಗೆ ಬರುವಷ್ಟರಲ್ಲಿ ಮಾವನ ಕಿವಿ ಕೆಂಪಾಗಿತ್ತು. ಮೆಲ್ಲಗೆ ಕೈ ಎಳೆದುಕೊಳ್ಳಲು ನೋಡಿದರು. ಅವಳು ಗಟ್ಟಿಯಾಗಿ ಹಿಡಿದಳು, ನಗು ಹಾಗೇ ಇತ್ತು. “ಹುರಿದ ಮೀನು... ಸುಟ್ಟ ಮೀನು...” ಆರು ತಟ್ಟೆ ಹೊರುವ ಕೈ ಅದು. ಮಾವ ಮತ್ತೊಮ್ಮೆ ಎಳೆದರು. ಬಿಡಲಿಲ್ಲ. ನಮ್ಮ ಮೆನುವಿನಲ್ಲಿ ಐವತ್ತೆರಡು ಪದಾರ್ಥಗಳಿವೆ, ಅಕ್ಕ. ಅಷ್ಟು ಉದ್ದವೆಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಯ ಐಸ್‌ಕ್ರೀಮು ಹೇಳಿ ಕೈ ಬಿಟ್ಟು, “ಇಷ್ಟಾದ ಮೇಲೆ, ‘ಹೋಗ್ಲಿ, ಯಾವಾಗ್ಲೂ ತಿನ್ನೋದೇ ಕೊಡು’ ಅಂತಾರೆ” ಎಂದಳು. “ವಾರಕ್ಕೆ ಎರಡು ಸಲ. ಎಂಟು ತಿಂಗಳು. ಹೋದ ಸಲ ಹಿಂದಿನ ಟೇಬಲ್ಲಿಗೆ ಬಂದು, ‘ಎಲ್ಲಿ ಬಚ್ಚಿಟ್ರೂ ಹುಡ್ಕೋತೀನಿ’ ಅಂದ್ರು.”

ಉದ್ದಣ್ಣ ತನ್ನ ತಟ್ಟೆಯನ್ನೇ ನೋಡುತ್ತಾ, “ಕೈ ಹಿಡ್ಕೊಳ್ಳೋದು ನಾನೂ ನೋಡಿದ್ದೆ ಯಜಮಾನ್ರೇ. ಮಾತಾಡ್ತಿದ್ದಾರೆ ಅಂದ್ಕೊಂಡೆ” ಎಂದ. ಇವರೂ ನೋಡಿದ್ದಾರೆಂದು ಇವರ ಮುಖವೇ ಹೇಳುತ್ತಿತ್ತು. ಎಲ್ಲರೂ ನೋಡಿದ್ದಾರೆ. ಹಾಡಹಗಲು ಹನ್ನೆರಡೂವರೆಗೆ, ಗಾಜಿನ ಕಿಟಕಿಯ ಪಕ್ಕ.

ಮಾವ ಮಣಿಕಟ್ಟು ಉಜ್ಜಿಕೊಳ್ಳುತ್ತಾ, ಒಂದು ದಿನ ಯೋಚಿಸುತ್ತೇನೆ ಎನ್ನಲಿಲ್ಲ. “ಬಾಗಿಲು” ಎಂದರು.

ಶುಕ್ರವಾರ ಹನ್ನೆರಡೂಕಾಲಿಗೇ ಮಾವ ಹೊರಗೆ ಹೋಗಿ ನಿಂತರು. ನಾನು, ಅತ್ತೆ, ಇವರು ಗಲ್ಲಾದ ಹಿಂದೆ. ಮಿಂಚಕ್ಕ ಎಲ್ಲೂ ಬಚ್ಚಿಟ್ಟುಕೊಳ್ಳಲಿಲ್ಲ. ಕಿಟಕಿಯ ಎರಡನೇ ಟೇಬಲ್ ಒರೆಸುತ್ತಾ ನಿಂತಿದ್ದಳು.

ವಕೀಲರು ನಗುತ್ತಾ ಬಂದರು. ಮಾವ ಕೈ ಮುಗಿದು, “ವಕೀಲರೇ, ಇಷ್ಟು ವರ್ಷ ನಮ್ಮಲ್ಲಿ ಉಂಡಿದ್ದೀರಿ. ಇವತ್ತಿಂದ ಬೇರೆ ಕಡೆ ನೋಡ್ಕೊಳ್ಳಿ” ಎಂದರು.

“ಏನ್ರೀ ತಮಾಷೆ?”

“ನಮ್ಮ ಹೆಣ್ಣುಮಗಳ ಕೈ ಹಿಡ್ಕೊಂಡು ಆರ್ಡರ್ ಕೊಡ್ತೀರಿ. ಅದು ಇಲ್ಲಿ ನಡೆಯಲ್ಲ.”

“ಅಯ್ಯೋ ರಾಮ, ಅಷ್ಟಕ್ಕಾ? ಅವಳು ನನಗೆ ಮಗಳ ಥರ ಕಣ್ರೀ!”

“ಹೌದಾ? ನಾನು ನಿಮಗೆ ಅಣ್ಣನ ಥರ. ತಗೊಳ್ಳಿ, ನನ್ನ ಕೈ ಹಿಡ್ಕೊಂಡು ಮೆನು ಓದಿ, ಐವತ್ತೆರಡೂ” ಎಂದು ಮಾವ ಕೈ ಚಾಚಿದರು. ಬೀದಿಯಲ್ಲಿ ಇಬ್ಬರು ನಿಂತು ನೋಡಿದರು. ವಕೀಲರು ಆ ಕೈಯನ್ನು ನೋಡಿದರು, ಹಿಡಿಯಲಿಲ್ಲ. “ನಿಮ್ಮ ಹೋಟೆಲ್ ಹೇಗೆ ನಡೆಯುತ್ತೆ ನೋಡ್ತೀನಿ” ಎಂದು ತಿರುಗಿ ಹೋದರು.

ಹೇಳಿದಂತೆ ಮಾಡಿಯೂ ತೋರಿಸಿದರು. ಅವರ ಓಣಿಯವರು ಬರುವುದು ನಿಂತಿದೆ. ಮಧ್ಯಾಹ್ನ ನಾಲ್ಕೈದು ಟೇಬಲ್ ಖಾಲಿ. ಅತ್ತೆ ಮೊದಮೊದಲು ಗೊಣಗಿದರು. ಆಮೇಲೆ ಒಂದು ದಿನ ಖಾಲಿ ಟೇಬಲ್ ನೋಡುತ್ತಾ, “ನನಗೂ ಕಾಲುನೋವಿತ್ತು, ಸ್ವಲ್ಪ ಕಡಿಮೆ ಬೇಯಿಸಿದ್ರೆ ಪ್ರಾಣ ಹೋಗಲ್ಲ” ಎಂದುಬಿಟ್ಟರು. ನನ್ನ ಅತ್ತೆ ಬಾಯಲ್ಲಿ ಇದು ಹೊಗಳಿಕೆ.

ಮಿಂಚಕ್ಕ ಹೋಗಲಿಲ್ಲ. ಕಿಟಕಿಯ ಟೇಬಲ್‌ಗಳು ಮತ್ತೆ ಅವಳವು. ಆದರೆ ಒಂದು ವಾರ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಕೊನೆಗೆ ಕ್ಷಮೆ ಕೇಳಲು ಹೋದೆ. ಅವಳು ಲೋಟ ಒರೆಸುತ್ತಾ, “ನಿಮ್ಮ ಬರವಣಿಗೆ ಮುತ್ತು ಪೋಣಿಸಿದ ಹಾಗಿದೆ, ಹೊಸಮ್ಮಾವ್ರೇ. ಅದಕ್ಕೇ ಭಯ” ಎಂದಳು. ಒರೆಸಿದ ಲೋಟ ಕೆಳಗಿಟ್ಟು, “ಆದ್ರೆ ಎಲ್ಲರೆದುರು ಎದ್ದು ನಿಂತ್ರಲ್ಲ. ನಿಲ್ಲದೇನೂ ಇರಬಹುದಿತ್ತು” ಎಂದು ಇನ್ನೊಂದು ಬಟ್ಟೆ ನನ್ನ ಕಡೆ ಎಸೆದಳು. ಇಬ್ಬರೂ ಲೋಟ ಒರೆಸಿದೆವು. ಈಗ ಹಸಿರು ಪುಸ್ತಕದಲ್ಲಿ ಅವರವರ ದೂರು ಅವರವರೇ ಬರೆಯುತ್ತಾರೆ, ಕಾಗುಣಿತ ಹೇಗಾದರೂ ಇರಲಿ. ಬರೆಯಲು ಬಾರದವರು ಹೇಳಿದ್ದನ್ನು ನಾನು ಬರೆದು, ಅವರಿಗೇ ಓದಿ ಹೇಳಿ, ಆಮೇಲೆ ಸಹಿ.

ನಿನಗೂ ಭಾವನಿಗೂ ಒಳ್ಳೆಯದಾಗಲಿ. ಚಿಕ್ಕವಳು ಆಶೀರ್ವಾದ ಮಾಡಬಾರದು ಎನ್ನಬೇಡ, ಮಗುವಿಗಂತೂ ನಾನು ದೊಡ್ಡವಳೇ. ಗಟ್ಟಿಯಾಗಿ ಬೆಳೆಯಲಿ, ಗಟ್ಟಿಯಾಗಿ ಕೂಗುವವಳಾಗಲಿ. ರಾತ್ರಿ ಎಬ್ಬಿಸುತ್ತಾಳೆಂದು ಗೊಣಗಬೇಡ, ಕೂಗಲಿ ಬಿಡು.

ನಿನ್ನ
ವಟವಟಿ

ಮರೆತ ಮಾತು: ಮರೆತದ್ದಲ್ಲ. ಮೇಲಿನ ಮೂರು ಹಾಳೆಯಲ್ಲಿ ಬರೆಯದೆ ಬಿಟ್ಟದ್ದು.

ನಮ್ಮ ಮದುವೆಯ ಆಲ್ಬಮ್ ನಿನ್ನ ಹತ್ತಿರ ಒಂದಿದೆಯಲ್ಲ, ಆರತಕ್ಷತೆಯ ಫೋಟೋಗಳಲ್ಲಿ ಹುಡುಕು. ನೆರೆತ ಕೂದಲಿನವರೊಬ್ಬರು ನನ್ನ ಎಡಕ್ಕೆ ನಿಂತಿದ್ದಾರೆ. ಅವರೇ ವಕೀಲರು. ಅವರ ಕೈ ಎಲ್ಲಿದೆ ನೋಡು. “ನಮ್ಮ ಹುಡುಗನ ಹೆಂಡ್ತಿ ಅಂದ್ರೆ ನನಗೂ ಮಗಳೇ” ಎನ್ನುತ್ತಾ ನನ್ನ ಮಣಿಕಟ್ಟು ಹಿಡಿದವರು, ಇವರ ಜೊತೆ ಮಾತಾಡುತ್ತಲೇ ಇದ್ದರು. ಹಿಂದೆ ನಿಂತ ಸಾಲು ಕದಲದಷ್ಟು ಹೊತ್ತು. ಹೆಬ್ಬೆರಳು. ನಾನು ಒಮ್ಮೆ ಎಳೆದುಕೊಂಡೆ. ಇನ್ನೂ ಗಟ್ಟಿಯಾಯಿತು. ಫೋಟೋದವರು ‘ನಗಿ’ ಎಂದರು, ನಕ್ಕೆ. ಇವರು ಪಕ್ಕದಲ್ಲೇ ಇದ್ದರು, ಇವರೂ ನಗುತ್ತಿದ್ದರು. ಅದು ನನ್ನ ಬದುಕಿನ ಅತಿ ಸಂತೋಷದ ದಿನ. ಅದರಲ್ಲಿ ಇದೊಂದಿತ್ತು ಎಂದು ಒಪ್ಪಿಕೊಳ್ಳಲು ಮನಸ್ಸಾಗದೆ, ಹಿರಿಯರು, ಸಲಿಗೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆಲೂಗಡ್ಡೆ ಚೀಲದ ಮೇಲೆ ಕೂತು ಮಿಂಚಕ್ಕ ‘ಬಿಡಿಸ್ಕೊಳ್ಳೋಕೆ ನೋಡಿದ್ರೆ ಇನ್ನೂ ಗಟ್ಟಿ’ ಎಂದಾಗ ಅದು ನಿಜವೆಂದು ನನ್ನ ಕೈಗೆ ಗೊತ್ತಿತ್ತು. ಅವಳ ಮಾತನ್ನು ಹಾಗೇ ಬರೆದಿದ್ದರೆ ನನ್ನದನ್ನೂ ಹಾಗೇ ಕರೆಯಬೇಕಾಗುತ್ತಿತ್ತು. ಶಾಲೆಯ ಪಾಠದ ಮೇಲೆ ತಪ್ಪು ಹೊರಿಸಿದೆ, ಪಾಪ ಆ ಟೀಚರು.

ಇದನ್ನು ಯಾರಿಗೂ ಹೇಳಿರಲಿಲ್ಲ. ಇಷ್ಟು ಬರೆದು ಕೂತಿದ್ದಾಗ ಇವರು ಶಿಳ್ಳೆ ಹಾಕುತ್ತಾ ಮೇಲೆ ಬಂದು, “ಅಕ್ಕನಿಗೆ ನನ್ನ ಬಗ್ಗೆ ಏನು ಚಾಡಿ?” ಎಂದರು. ಈ ಹಾಳೆಯನ್ನೇ ಕೊಟ್ಟೆ. ನಿಂತುಕೊಂಡೇ ಓದಿದರು. ಮತ್ತೆ ಮೊದಲಿನಿಂದ ಓದಿದರು. “ನಾನು ಪಕ್ಕದಲ್ಲೇ ಇದ್ದೆ” ಎಂದರು, ನನಗಲ್ಲ, ಹಾಳೆಗೆ. ಆಮೇಲೆ ನನ್ನ ಹತ್ತಿರ ಕೂತು, ಕೈ ಹಿಡಿಯಲು ಬಂದು, ಅರ್ಧದಲ್ಲೇ ನಿಲ್ಲಿಸಿದರು.

“ಹಿಡೀಲಾ?” ಎಂದು ಕೇಳಿದರು.

ಮದುವೆಯಾಗಿ ಇವತ್ತಿಗೆ ಎಪ್ಪತ್ತು ದಿನ, ಅಕ್ಕ. ಇದುವರೆಗೆ ಒಂದು ಸಲವೂ ಕೇಳಿರಲಿಲ್ಲ, ಕೇಳಬೇಕೆಂದು ನನಗೂ ಅನ್ನಿಸಿರಲಿಲ್ಲ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಅವರು ಕಾದರು.